ಹಳೆಯ ಪವರ್ ಟಿಲ್ಲರ್ ದುರಸ್ತಿ ಮಾಡಿ ದಿನದ ಕೆಲಸಕ್ಕೆ ಹೂಡುವುದು



ಹಿತ್ತಲಿನಲ್ಲೋ ಹುಲ್ಲಿನ ಬಣವೆಯ ಮರೆಯಲ್ಲೋ ತುಕ್ಕು ಹಿಡಿದು ನಿಂತಿರುವ ಪವರ್ ಟಿಲ್ಲರ್ ನಿಮ್ಮ ಊರಿನಲ್ಲಿಯೂ ಒಂದಿರಬಹುದು. ಬೆಂಗಳೂರಿನಲ್ಲಿ 1967ರಲ್ಲಿ ಆರಂಭವಾದ ವಿ.ಎಸ್.ಟಿ. ಕಂಪನಿಯು ಜಪಾನಿನ ಮಿತ್ಸುಬಿಷಿ ಸಹಯೋಗದಲ್ಲಿ ತಯಾರಿಸಿದ ಟಿಲ್ಲರ್‌ಗಳು ನಮ್ಮ ಗದ್ದೆ ತೋಟಗಳಲ್ಲಿ ದಶಕಗಳ ಕಾಲ ದುಡಿದಿವೆ. ಇವುಗಳದು ಒಂದೇ ಸಿಲಿಂಡರಿನ, ನೀರಿನಿಂದ ತಣಿಯುವ ಡೀಸೆಲ್ ಎಂಜಿನ್. ರಚನೆ ಸರಳವಾದ್ದರಿಂದ ಅನುಭವವಿರುವ ಹಳ್ಳಿಯ ಮೆಕ್ಯಾನಿಕ್ ಸಹ ಬಿಚ್ಚಿ ಕೂಡಿಸಬಲ್ಲ. ಐದಾರು ಹಸು ಕಟ್ಟಿರುವವರಿಗೆ ಹಸಿಮೇವು ತರಲು, ಕತ್ತರಿಸಲು, ಗೊಬ್ಬರ ಸಾಗಿಸಲು ಇಂಥದೊಂದು ಯಂತ್ರ ಸಾಕು.

ಆದರೆ ಒಂದು ಮಾತು. ಹಳೆಯ ಟಿಲ್ಲರ್ ಕೊಂಡವರಲ್ಲಿ ಹೆಚ್ಚಿನವರು ಎಂಜಿನ್ ಚಾಲೂ ಆಯಿತೆಂದರೆ ದುರಸ್ತಿ ಮುಗಿಯಿತೆಂದು ತಿಳಿಯುತ್ತಾರೆ. ಉಳಿದ ಹಣದಲ್ಲಿ ಬಣ್ಣ ಹೊಡೆಸುತ್ತಾರೆ. ಕೈಕಾಲು ಹೋಗುವುದು ಎಂಜಿನ್ನಿನಿಂದಲ್ಲ. ಬ್ರೇಕು, ಕ್ಲಚ್ಚು ಮತ್ತು ಮುಚ್ಚಳವಿಲ್ಲದ ಬೆಲ್ಟಿನಿಂದ.

ಕೊಳ್ಳುವ ಮುನ್ನ ಆಯಿಲ್ ಕಡ್ಡಿ ಎತ್ತಿ ನೋಡಿ. ಆಯಿಲ್ ಮಜ್ಜಿಗೆಯಂತೆ ಬೆಳ್ಳಗಿದ್ದರೆ ನೀರು ಸೇರಿದೆ ಎಂದರ್ಥ. ಲೈನರಿನ ರಬ್ಬರ್ ಉಂಗುರವೋ ಹೆಡ್ ಗ್ಯಾಸ್ಕೆಟ್ಟೋ ಹೋಗಿರಬಹುದು. ನಂತರ ಡಿಕಂಪ್ರೆಷನ್ ಲಿವರ್ ಎತ್ತದೆ ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಿ. ಎಂಜಿನ್ ಸರಿಯಿದ್ದರೆ ಕೈಯನ್ನು ಬಲವಾಗಿ ಎದುರು ಒತ್ತಬೇಕು. ಒತ್ತದಿದ್ದರೆ ಕಿವಿಗೊಟ್ಟು ಕೇಳಿ. ಏರ್ ಕ್ಲೀನರ್ ಕಡೆಯಿಂದ ಬುಸ್ ಎಂದರೆ ಗಾಳಿ ಒಳಬರುವ ವಾಲ್ವು, ಸೈಲೆನ್ಸರಿನಿಂದ ಬಂದರೆ ಹೊಗೆಯ ವಾಲ್ವು, ಆಯಿಲ್ ತುಂಬುವ ಬಾಯಿಂದ ಬಂದರೆ ರಿಂಗು ಅಥವಾ ಲೈನರ್ ಸವೆದಿದೆ. ಇವೆಲ್ಲ ಬದಲಿಸಬಹುದಾದ ಭಾಗಗಳೇ. ಗೇರ್‌ಬಾಕ್ಸಿನ ಪೆಟ್ಟಿಗೆಯೇ ಬಿರುಕು ಬಿಟ್ಟಿದ್ದರೆ ಮಾತ್ರ ಕಡಿಮೆ ಬೆಲೆಗೆ ಸಿಕ್ಕರೂ ಬೇಡ.

ವರ್ಷಗಟ್ಟಲೆ ನಿಂತ ಯಂತ್ರದ ಟ್ಯಾಂಕಿನಲ್ಲಿ ನೀರೂ ಕಸವೂ ತಳದಲ್ಲಿ ಕೂತಿರುತ್ತವೆ. ಹಳೆಯ ಡೀಸೆಲ್ ಪೂರ್ತಿ ಬಸಿದು, ಟ್ಯಾಂಕ್ ತೊಳೆದು, ಫಿಲ್ಟರ್ ಬದಲಿಸಿ, ಪೈಪಿನ ಗಾಳಿ ತೆಗೆಯಿರಿ. ನಾಜಲನ್ನು ಅಂಗಡಿಯಲ್ಲಿ ಪರೀಕ್ಷಿಸಿ ತನ್ನಿ. ಹ್ಯಾಂಡಲ್ ಹೊಡೆಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಇಡಿ, ಹಿಡಿಯನ್ನು ಸುತ್ತಬೇಡಿ. ಎಂಜಿನ್ ಹಿಂದಕ್ಕೆ ಒದ್ದರೆ ಸುತ್ತಿದ ಹೆಬ್ಬೆರಳು ಮುರಿಯುತ್ತದೆ. ಹಾಗೆಯೇ ಎಂಜಿನ್ ಚಾಲೂ ಮಾಡುವ ಮೊದಲು ನಿಲ್ಲಿಸುವ ಲಿವರ್ ಕೆಲಸ ಮಾಡುತ್ತದೆಯೇ ಎಂದು ನೋಡಿಕೊಳ್ಳಿ.

ಇನ್ನು ಕ್ಲಚ್ಚಿನ ವಿಷಯ. ಟಿಲ್ಲರ್ ತಿರುಗಿಸಲು ಎಡಕ್ಕೊಂದು ಬಲಕ್ಕೊಂದು ಹಿಡಿ ಇದೆಯಷ್ಟೆ. ಸಮ ನೆಲದಲ್ಲಿ ಎಡ ಹಿಡಿ ಒತ್ತಿದರೆ ಎಡ ಚಕ್ರಕ್ಕೆ ಶಕ್ತಿ ತಪ್ಪಿ, ಯಂತ್ರ ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಇದು ತಿರುಗುಮುರುಗು. ಅಲ್ಲಿ ಯಂತ್ರ ತನ್ನ ಭಾರದಿಂದಲೇ ಇಳಿಯುತ್ತಿರುತ್ತದೆ, ಎಂಜಿನ್ ಅದನ್ನು ಹಿಡಿದು ನಿಲ್ಲಿಸುತ್ತಿರುತ್ತದೆ. ಆಗ ಎಡ ಹಿಡಿ ಒತ್ತಿದರೆ ಎಡ ಚಕ್ರ ಹಿಡಿತ ಬಿಟ್ಟು ಮುಂದೋಡುತ್ತದೆ, ಯಂತ್ರ ಬಲಕ್ಕೆ ನುಗ್ಗುತ್ತದೆ. ನಾನು ಇದನ್ನು ಕಲಿತದ್ದು ಪುಸ್ತಕದಿಂದಲ್ಲ. ಕೆರೆ ಏರಿಯಿಂದ ಇಳಿಯುವಾಗ ಒಂದು ಟ್ರೈಲರ್ ನೇಪಿಯರ್ ಹುಲ್ಲಿನ ಸಮೇತ ಕಾಲುವೆಗೆ ಇಳಿದೆ. ಹುಲ್ಲಿನ ಮೇಲೆ ಬಿದ್ದದ್ದರಿಂದ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಇಳಿಜಾರಿಗೆ ಮೊದಲೇ ಕೆಳಗಿನ ಗೇರಿಗೆ ಹಾಕಿ. ನ್ಯೂಟ್ರಲ್ ಮಾಡಬೇಡಿ. ಹಿಡಿ ಒತ್ತದೆ, ಹ್ಯಾಂಡಲನ್ನೇ ಪಕ್ಕಕ್ಕೆ ತಳ್ಳಿ ತಿರುಗಿಸಿ. ಟ್ರೈಲರಿನ ಬ್ರೇಕ್ ಲೈನಿಂಗ್ ಸವೆದಿದ್ದರೆ ಅದನ್ನು ಹಾಕಿಸುವವರೆಗೂ ಹೊರೆ ಹೇರಬೇಡಿ.

ಟಿಲ್ಲರಿನ ಎಂಜಿನ್ನಿನಿಂದ ಬೆಲ್ಟ್ ಹಾಕಿ ಮೇವು ಕತ್ತರಿಸುವ ಯಂತ್ರ ಓಡಿಸುವುದು ನಮ್ಮ ಸದಸ್ಯರಿಗೆ ಅತ್ಯಂತ ಉಪಯುಕ್ತ ಮಾರ್ಪಾಡು. ಇಲ್ಲಿ ಲೆಕ್ಕ ತಪ್ಪಬಾರದು. ಎಂಜಿನ್ನಿನ ಸುತ್ತನ್ನು ಅದರ ಪುಲ್ಲಿಯ ಅಳತೆಯಿಂದ ಗುಣಿಸಿ, ಕಟರಿನ ಪುಲ್ಲಿಯ ಅಳತೆಯಿಂದ ಭಾಗಿಸಿದರೆ ಕಟರಿನ ಸುತ್ತು ಸಿಗುತ್ತದೆ. ಎಂಜಿನ್ ನಿಮಿಷಕ್ಕೆ 1,500 ಸುತ್ತು, ಪುಲ್ಲಿ 4 ಅಂಗುಲ, ಕಟರಿನ ಪುಲ್ಲಿ 20 ಅಂಗುಲ ಎಂದಿಟ್ಟುಕೊಳ್ಳಿ. ಕಟರ್ 300 ಸುತ್ತು ತಿರುಗುತ್ತದೆ. ಕಟರ್ ತಯಾರಕರು ಹೇಳಿದ ವೇಗ ಎಷ್ಟೆಂದು ಕೇಳಿಕೊಂಡು ಅದಕ್ಕೆ ತಕ್ಕ ಪುಲ್ಲಿ ಹಾಕಿಸಿ. ಕೈಯಲ್ಲಿ ತಿರುಗಿಸಲು ಮಾಡಿದ ಎರಕದ ಚಕ್ರವನ್ನು ವಿಪರೀತ ವೇಗದಲ್ಲಿ ಓಡಿಸಿದರೆ ಸಿಡಿಯಬಹುದು. ಮೇವು ತಳ್ಳುವ ತೊಟ್ಟಿ ಮೂರು ಅಡಿ ಉದ್ದವಿರಲಿ, ಅದರಲ್ಲಿ ಬ್ಲೇಡಿನ ಕಡೆಯ ಒಂದೂವರೆ ಅಡಿಗೆ ಮೇಲೆ ತಗಡು ಮುಚ್ಚಿರಲಿ. ಕೈ ಚಾಚಿದರೂ ಉರುಳೆಗೆ ಮುಟ್ಟಬಾರದು. ಬೆಲ್ಟಿಗೆ ಜಾಲರಿ ಹಾಕಿಸಿ. ಸೆರಗು, ಪಂಚೆ, ಬಿಚ್ಚಿದ ಜಡೆ ಬೆಲ್ಟಿನ ಹತ್ತಿರ ಸುಳಿಯಕೂಡದು. ಮನೆಯಲ್ಲಿ ಮೇವು ಕತ್ತರಿಸುವವರು ಹೆಚ್ಚಾಗಿ ಹೆಣ್ಣುಮಕ್ಕಳು ಎಂಬುದನ್ನು ಮರೆಯದೆ ಈ ಕೆಲಸ ಮಾಡಿಸಿ.

ಎಂಜಿನ್ನನ್ನು ಕೊಟ್ಟಿಗೆಯೊಳಗೆ ಓಡಿಸಬೇಡಿ. ಮುಚ್ಚಿದ ಜಾಗದಲ್ಲಿ ಅದರ ಹೊಗೆ ವಿಷ. ಹಾಲು ಕರೆಯುವ ಹೊತ್ತಿಗಂತೂ ಬೇಡವೇ ಬೇಡ. ಹಸು ಬೆದರಿದರೆ ಸೊರ ಬಿಡಿಸುವ ಹಾರ್ಮೋನಿಗೆ ತಡೆಯಾಗಿ ಹಾಲು ಕೆಚ್ಚಲಿನಲ್ಲೇ ನಿಲ್ಲುತ್ತದೆ.

ಕೊನೆಗೆ ಬಣ್ಣ. ಹಳೆಯ ಯಂತ್ರಗಳ ಬಣ್ಣದಲ್ಲಿ, ಅದರಲ್ಲೂ ತುಕ್ಕು ತಡೆಯಲು ಬಳಿದ ಕೆಂಪು ಬಣ್ಣದಲ್ಲಿ, ಸೀಸ ಇರಬಹುದು. ಕೆರೆದ ಪುಡಿಯನ್ನೂ, ಹಳೆಯ ಬ್ಯಾಟರಿಯ ತಟ್ಟೆಗಳನ್ನೂ, ಬಸಿದ ಆಯಿಲನ್ನೂ ದನಗಳು ನೆಕ್ಕುತ್ತವೆ. ಕರುಗಳಂತೂ ಬಿಡುವುದೇ ಇಲ್ಲ. ಆದ್ದರಿಂದ ಕೊಟ್ಟಿಗೆಯಿಂದ ದೂರ, ಪ್ಲಾಸ್ಟಿಕ್ ಹಾಳೆ ಹಾಸಿ, ಮೂಗಿಗೆ ಬಟ್ಟೆ ಕಟ್ಟಿ, ನೀರು ಚಿಮುಕಿಸಿ ಬಣ್ಣ ಕೆರೆಯಿರಿ. ಪುಡಿಯನ್ನು ಡಬ್ಬಿಗೆ ತುಂಬಿ ಮುಚ್ಚಿಡಿ. ತಿಪ್ಪೆಗೆ ಹಾಕಬೇಡಿ, ಅದು ಗೊಬ್ಬರದ ಜೊತೆ ಮೇವಿನ ಹೊಲಕ್ಕೇ ಹೋಗುತ್ತದೆ. ದನ ಹಲ್ಲು ಕಡಿಯುವುದು, ಕಣ್ಣು ಕಾಣದೆ ಎಡವುವುದು, ಗೋಡೆಗೆ ತಲೆ ಒತ್ತಿ ನಿಲ್ಲುವುದು ಕಂಡರೆ ತಕ್ಷಣ ಪಶುವೈದ್ಯರನ್ನು ಕರೆಸಿ, ಮನೆಯಲ್ಲಿ ಬಣ್ಣ ಕೆರೆದ ವಿಷಯವನ್ನು ಮೊದಲೇ ತಿಳಿಸಿ.