ಮಾದರಿ ನಿರ್ಮಾಣದಲ್ಲಿ ಬೆಸುಗೆ ಮತ್ತು ಮೆರುಗು

ಯಂತ್ರವೊಂದರ ಅಥವಾ ಕಟ್ಟಡವೊಂದರ ರೂಪವನ್ನು ನಿಶ್ಚಿತ ಪ್ರಮಾಣದಲ್ಲಿ ಕಿರಿದುಗೊಳಿಸಿ ರಚಿಸುವುದಕ್ಕೆ ಮಾದರಿ ನಿರ್ಮಾಣವೆಂದು ಹೆಸರು. ಇದು ಕೇವಲ ಆಟಿಕೆಯ ಕೆಲಸವೆಂದು ಹಲವರ ಎಣಿಕೆ. ಆದರೆ ಕಣ್ಣು, ಕೈ, ಬುದ್ಧಿ ಈ ಮೂರನ್ನೂ ಏಕಕಾಲಕ್ಕೆ ಹದಗೊಳಿಸುವ ವಿದ್ಯೆಗಳಲ್ಲಿ ಇದೂ ಒಂದು. ಇದರಲ್ಲಿ ಭಾಗಗಳನ್ನು ಅಂಟಿಸುವುದು, ಮೇಲ್ಮೈಯನ್ನು ನಯಗೊಳಿಸಿ ಬಣ್ಣವೇರಿಸುವುದು ಎಂಬ ಎರಡು ಘಟ್ಟಗಳು ಮುಖ್ಯವಾದವು.

ಪ್ರಮಾಣದ ಅರ್ಥ

ಪ್ಲಾಸ್ಟಿಕ್ ವಿಮಾನ ಮಾದರಿಗಳು ಇದಕ್ಕೆ ಉತ್ತಮ ನಿದರ್ಶನ. 1936ರಲ್ಲಿ ಇಂಗ್ಲೆಂಡಿನಲ್ಲಿ ಫ್ರಾಗ್ ಎಂಬ ಹೆಸರಿನಡಿ 'ಪೆಂಗ್ವಿನ್' ಮಾಲೆಯ ಮಾದರಿಗಳು 1:72ರ ಪ್ರಮಾಣದಲ್ಲಿ ಹೊರಬಂದವು. 1953ರಲ್ಲಿ ಏರ್‌ಫಿಕ್ಸ್ ಸಂಸ್ಥೆಯು ಅದೇ ಪ್ರಮಾಣದ ಸ್ಪಿಟ್‌ಫೈರ್ ಯುದ್ಧವಿಮಾನದ ಬಿಡಿಭಾಗಗಳನ್ನು ಮಾರಾಟಕ್ಕೆ ತಂದಿತು. ನಿಜವಾದ ಸ್ಪಿಟ್‌ಫೈರಿನ ರೆಕ್ಕೆಯ ಹರವು 11.23 ಮೀಟರ್, ಮಾದರಿಯಲ್ಲಿ ಅದು ಸುಮಾರು 15.6 ಸೆಂಟಿಮೀಟರ್.

ರೂಪವು 72 ಪಾಲು ಕುಗ್ಗಿದಾಗ ದೋಷವು ಅಷ್ಟೇ ಪಾಲು ಹಿಗ್ಗುತ್ತದೆ. ಮಾದರಿಯ ರೆಕ್ಕೆಯ ಬುಡದಲ್ಲಿ ಅರ್ಧ ಮಿಲಿಮೀಟರ್ ಬಿರುಕು ಉಳಿದರೆ, ನಿಜವಾದ ವಿಮಾನದಲ್ಲಿ ಅದು 36 ಮಿಲಿಮೀಟರಿನ ಬಿರುಕು. ಬಣ್ಣದ ಲೇಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದಪ್ಪವಾದರೆ, ಅದು ವಿಮಾನಕ್ಕೆ 7.2 ಮಿಲಿಮೀಟರ್ ಗಾರೆ ಮೆತ್ತಿದಂತೆ. ಈ ಲೆಕ್ಕವನ್ನು ಮನಗಂಡವನಿಗೆ ಮುಂದಿನ ನಿಯಮಗಳೆಲ್ಲ ತಾವಾಗಿಯೇ ಸ್ಪಷ್ಟವಾಗುತ್ತವೆ.

ಅಂಟಿನ ಬಗೆಗಳು

ಇಂದಿನ ಬಹುಪಾಲು ಮಾದರಿಗಳು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನವು. ಇವುಗಳಿಗೆ ಬಳಸುವ ಸಿಮೆಂಟು ವಾಸ್ತವವಾಗಿ ಅಂಟಲ್ಲ, ದ್ರಾವಕ. ಅದು ಎರಡೂ ಅಂಚುಗಳನ್ನು ಕರಗಿಸುತ್ತದೆ. ಕರಗಿದ ಅಣುಸರಪಣಿಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ದ್ರಾವಕ ಆವಿಯಾದ ಮೇಲೆ ಎರಡು ತುಂಡುಗಳು ಒಂದೇ ಆಗಿ ಉಳಿಯುತ್ತವೆ. ಆದುದರಿಂದ ಸಿಮೆಂಟು ಹೆಚ್ಚಿದಷ್ಟೂ ಬಲ ಹೆಚ್ಚೆಂಬುದು ತಪ್ಪು ತಿಳಿವಳಿಕೆ. ಹೆಚ್ಚಾದ ದ್ರಾವಕ ಭಾಗವನ್ನೇ ಮೆತ್ತಗಾಗಿಸಿ ವಿಕಾರಗೊಳಿಸುತ್ತದೆ. ತೆಳು ಸಿಮೆಂಟಾದರೆ, ಭಾಗಗಳನ್ನು ಮೊದಲು ಕೂಡಿಸಿ ಹಿಡಿದು, ಸಂದಿಗೆ ಕುಂಚವನ್ನು ಸೋಕಿಸಿದರೆ ಸಾಕು. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಅದು ಸಂದಿಯುದ್ದಕ್ಕೂ ತಾನೇ ಹರಿಯುತ್ತದೆ.

ದ್ರಾವಕಕ್ಕೆ ಬರಿಯ ಪ್ಲಾಸ್ಟಿಕ್ ಬೇಕು. ಬಣ್ಣ ಬಳಿದ ಅಂಚುಗಳನ್ನು ಕೂಡಿಸಿದರೆ ಬಣ್ಣಕ್ಕೆ ಬಣ್ಣ ಅಂಟುತ್ತದೆಯೇ ಹೊರತು ಭಾಗಕ್ಕೆ ಭಾಗ ಅಂಟದು. ಅಂಟಿಸುವೆಡೆಯ ಬಣ್ಣವನ್ನು ಮೊದಲು ಕೆರೆದು ತೆಗೆಯಬೇಕು.

ಲೋಹದ ತುಣುಕುಗಳಿಗೆ ಸಯನೊಆಕ್ರಿಲೇಟ್ ಅಥವಾ ಎಪಾಕ್ಸಿ ತಕ್ಕುದು. ಸಯನೊಆಕ್ರಿಲೇಟನ್ನು 1942ರಲ್ಲಿ ಅಮೆರಿಕದ ಹ್ಯಾರಿ ಕೂವರ್ ಅವರು ಬಂದೂಕಿನ ಗುರಿಯಂತ್ರಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುವಾಗ ಕಂಡರು; ಎಲ್ಲಕ್ಕೂ ಅಂಟಿಕೊಳ್ಳುತ್ತದೆಂಬ ಕಾರಣಕ್ಕೇ ಅಂದು ಅದನ್ನು ಕೈಬಿಡಲಾಯಿತು. 1951ರಲ್ಲಿ ಅದರ ಬೆಲೆ ತಿಳಿದು, 1958ರಲ್ಲಿ ಅದು ಪೇಟೆಗೆ ಬಂದಿತು. ಗಾಳಿಯಲ್ಲಿರುವ ಅಲ್ಪ ತೇವದಿಂದಲೇ ಇದು ಕ್ಷಣದಲ್ಲಿ ಗಟ್ಟಿಯಾಗುತ್ತದೆ. ಆದರೆ ಇದರ ಆವಿ ಪಾರದರ್ಶಕ ಭಾಗಗಳ ಮೇಲೆ ಬಿಳಿ ಮಂಜು ಕವಿಸುತ್ತದೆ. ಕಿಟಕಿ, ಗಾಜಿನ ಮುಚ್ಚಳಗಳಿಗೆ ಫೆವಿಕಾಲಿನಂಥ ಬಿಳಿಯ ಅಂಟೇ ಲೇಸು. ಅದು ಒಣಗಿದಾಗ ತಿಳಿಯಾಗುತ್ತದೆ, ಪ್ಲಾಸ್ಟಿಕ್ಕನ್ನು ಕರಗಿಸದು.

ಕೆಲಸದ ಕ್ರಮ

ಮೊದಲು ಭಾಗಗಳನ್ನು ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆದು ಅಚ್ಚಿನ ಜಿಡ್ಡನ್ನು ಕಳೆಯಬೇಕು. ಕಾದ ನೀರು ಸಲ್ಲದು, ಭಾಗಗಳು ಸೊಟ್ಟಗಾಗುತ್ತವೆ. ಕಡ್ಡಿಯಿಂದ ಭಾಗವನ್ನು ಮುರಿಯದೆ, ತುಸು ಉಳಿಸಿ ಕತ್ತರಿಸಿ, ಉಳಿದುದನ್ನು ಅರದಿಂದ ಉಜ್ಜಬೇಕು. ಅಂಟು ಹಚ್ಚದೆಯೇ ಒಮ್ಮೆ ಕೂಡಿಸಿ ನೋಡಬೇಕು. ಈ ಒಣ ಜೋಡಣೆಯಲ್ಲಿ ಕೂಡದ ಭಾಗ ಅಂಟು ಹಚ್ಚಿದ ಮೇಲೂ ಕೂಡಲಾರದು. ಅಂಟಿಸಿದ ಬಳಿಕ ರಬ್ಬರ್ ಪಟ್ಟಿಯಿಂದಲೋ ಬಟ್ಟೆಯ ಕ್ಲಿಪ್ಪಿನಿಂದಲೋ ಬಿಗಿದು ಒಂದು ದಿನ ಮುಟ್ಟದೆ ಇಡಬೇಕು.

ಉಳಿದ ಸಂದಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ 400, 600, 1000ನೆಯ ಅಂಕೆಗಳ ಉಪ್ಪುಕಾಗದದಿಂದ ಕ್ರಮವಾಗಿ ನೀರು ಸೋಕಿಸಿ ಉಜ್ಜಬೇಕು. ಆಮೇಲೆ ಬೂದುಬಣ್ಣದ ಪ್ರೈಮರಿನ ತೆಳು ಲೇಪ. ಇದೇ ಮಾದರಿಯ ಪರೀಕ್ಷೆ: ಅದುವರೆಗೆ ಕಣ್ಣಿಗೆ ಮರೆಯಾಗಿದ್ದ ಗೀರು, ಕುಳಿಗಳೆಲ್ಲ ಆಗ ಹೊರಗೆ ಕಾಣುತ್ತವೆ. ತಿದ್ದಿದ ನಂತರವೇ ಬಣ್ಣ. ಒಂದು ದಪ್ಪ ಲೇಪಕ್ಕಿಂತ ಮೂರು ತೆಳು ಲೇಪಗಳು ಮೇಲು. ಅಂಟುಚಿಹ್ನೆಗಳನ್ನು ನಯವಾದ ಹೊಳಪು ಲೇಪದ ಮೇಲೆಯೇ ಇಡಬೇಕು. ಒರಟು ಮೈಯಾದರೆ ಕೆಳಗೆ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿನುಗುತ್ತದೆ.

ಇಷ್ಟೆಲ್ಲ ನಡೆಯುವಾಗ ಕಿಟಕಿ ತೆರೆದಿರಬೇಕು, ಬಳಿಯಲ್ಲಿ ದೀಪ ಉರಿಯಬಾರದು. ದ್ರಾವಕದ ಆವಿ ಬೇಗ ಹೊತ್ತಿಕೊಳ್ಳುವುದಲ್ಲದೆ ಮಿದುಳಿಗೂ ನರಗಳಿಗೂ ಹಾನಿಕರ. ಚೆಲ್ಲಿದ ಸಯನೊಆಕ್ರಿಲೇಟನ್ನು ಹತ್ತಿಯಿಂದ ಒರೆಸಕೂಡದು. ಸುಡುವಷ್ಟು ಶಾಖ ಹುಟ್ಟುತ್ತದೆ. ಕಿರಿಯರು ಹಿರಿಯರ ಕಣ್ಣಳತೆಯಲ್ಲಿಯೇ ಈ ಕೆಲಸ ಮಾಡತಕ್ಕದ್ದು.

ಮೆರುಗಿನ ಮಹತ್ವ

ನಯವೆಂಬುದು ನೋಟಕ್ಕಷ್ಟೇ ಎಂದು ಭಾವಿಸುವವರು ಸ್ಪಿಟ್‌ಫೈರಿನದೇ ಒಂದು ಪ್ರಸಂಗವನ್ನು ನೆನೆಯಬೇಕು. 1936ರ ಮಾರ್ಚಿಯಲ್ಲಿ ಮೊದಲು ಹಾರಿದ ಆ ವಿಮಾನದ ಹೊದಿಕೆಯ ರಿವೆಟ್‌ಗಳು ಮೈಗೆ ಸಮವಾಗಿ ಕುಳಿತಿದ್ದವು. ಅಗ್ಗದ ಗುಂಡುತಲೆಯ ರಿವೆಟ್ ಸಾಕಾದೀತೇ ಎಂದು ತಿಳಿಯಲು ತಂತ್ರಜ್ಞರು ಒಂದೊಂದು ರಿವೆಟ್ಟಿನ ಮೇಲೂ ಬಟಾಣಿ ಬೇಳೆಯನ್ನು ಅಂಟಿಸಿ ಹಾರಿಸಿದರು. ವೇಗ ಗಂಟೆಗೆ ಸುಮಾರು 20 ಮೈಲಿ ಇಳಿಯಿತು. ಬಳಿಕ ಸಾಲುಸಾಲಾಗಿ ಬೇಳೆಗಳನ್ನು ಕಿತ್ತು, ಎಲ್ಲಿ ನಯ ಅನಿವಾರ್ಯ, ಎಲ್ಲಿ ಅಲ್ಲ ಎಂಬುದನ್ನು ನಿರ್ಧರಿಸಿದರು. ಬೇಳೆಯಷ್ಟು ಉಬ್ಬು ಯುದ್ಧವಿಮಾನವೊಂದರ ವೇಗವನ್ನು ತಗ್ಗಿಸಬಲ್ಲದೆಂದಾಗ ಮೇಲ್ಮೈ ಅಲ್ಪ ವಿಷಯವಲ್ಲ.

ಮುಗಿದ ಮಾದರಿಯಲ್ಲಿ ಅಂಟು ಕಾಣುವುದಿಲ್ಲ, ಪುಟ್ಟಿ ಕಾಣುವುದಿಲ್ಲ, ಉಜ್ಜಿದ ಗಂಟೆಗಳೂ ಕಾಣುವುದಿಲ್ಲ. ಅವುಗಳಲ್ಲಿ ಯಾವುದನ್ನು ಬಿಟ್ಟಿದ್ದರೂ ಅದು ಮಾತ್ರ ಕಾಣುತ್ತದೆ. ಕಾಣದ ಕೆಲಸವನ್ನು ಶ್ರದ್ಧೆಯಿಂದ ಮಾಡುವ ಅಭ್ಯಾಸವೇ ಈ ವಿದ್ಯೆಯಿಂದ ವಿದ್ಯಾರ್ಥಿಗೆ ದೊರೆಯುವ ನಿಜವಾದ ಲಾಭ.