ಬೆಂಕಿಕಡ್ಡಿಯಲ್ಲಿ ಪ್ಲಾನ್ ಹಾಕಿದ ರಂಗಮಂದಿರ

ಸಿವಿಲ್‌ನವರು ಸ್ವಲ್ಪ ಕೇಳಿ. 1977ರಲ್ಲಿ ಕೀನ್ಯಾದ ಲಿಮೂರು ಹತ್ತಿರ ಕಮಿರೀಥು ಅನ್ನೋ ಹಳ್ಳಿಯಲ್ಲಿ ಜನ ತಾವೇ ಒಂದು ಬಯಲು ರಂಗಮಂದಿರ ಕಟ್ಟಿದರು. ಸುಮಾರು 2000 ಜನ ಕೂರುವಷ್ಟು ದೊಡ್ಡದು. ಡಿಸೈನ್ ಮಾಡಿದ್ದು ರೈತರು, ಕೂಲಿಯವರು, ಒಬ್ಬ ಆಫೀಸ್ ಜವಾನ. ನೆಲದ ಮೇಲೆ ಬೆಂಕಿಕಡ್ಡಿ ಜೋಡಿಸಿ ಪ್ಲಾನ್ ಹಾಕಿ, ಚಿಕ್ಕ ಮಾಡೆಲ್ ಮಾಡಿ ನೋಡಿ, ಆಮೇಲೆ ಕಟ್ಟಿದ್ದು!

ಅಲ್ಲಿ ಆಡಿದ ನಾಟಕ 'ಎನ್‌ಗಾಹಿಕ ಎನ್‌ದೇಂದ'. ಅಂದರೆ 'ನನಗೆ ಬೇಕಾದಾಗ ಮದುವೆಯಾಗ್ತೀನಿ'. ಬರೆದವರು ಗೂಗಿ ವಾ ಥಿಯಾಂಗೊ ಮತ್ತು ಗೂಗಿ ವಾ ಮಿರೀ, ಭಾಷೆ ಗಿಕೂಯು. ಕಥೆ ನಮಗೆ ಹೊಸದೇನಲ್ಲ. ಕಿಗೂಂಡ ಅನ್ನೋ ಬಡವನಿಗೆ ಒಂದೂವರೆ ಎಕರೆ ಜಮೀನಿದೆ. ಅದರ ಪತ್ರಕ್ಕೆ ಅವನು ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದಾನೆ. ಸಾಹುಕಾರ ಕಿಯೋಯಿಗೆ ಅದರ ಮೇಲೆ ಕಣ್ಣು. ಚರ್ಚಿನಲ್ಲಿ ಸರಿಯಾಗಿ ಮದುವೆ ಮಾಡಿಕೋ ಅಂತ ಉಪದೇಶ, ಆ ಖರ್ಚಿಗೆ ಜಮೀನು ಅಡವಿಟ್ಟು ಸಾಲ. ಕೊನೆಗೆ ಜಮೀನೂ ಹೋಯ್ತು.

ನನಗೆ ಕಥೆಗಿಂತ ಅದನ್ನು ತಿದ್ದಿದ ರೀತಿ ಇಷ್ಟ. ತಾಲೀಮು ನಡೆದಿದ್ದು ಬಯಲಲ್ಲಿ, ಯಾರು ಬೇಕಾದರೂ ಬಂದು ನೋಡಬಹುದಿತ್ತು. ವಯಸ್ಸಾದವರು ಹೀಗೆ ಮಾತಾಡಲ್ಲ, ಈ ಹಾಡು ಹೀಗಲ್ಲ ಅಂತ ಹಿರಿಯರು ತಿದ್ದಿದರು. ಕಾರ್ಮಿಕರು ತಮ್ಮ ಸಂಬಳದ ಲೆಕ್ಕವನ್ನೇ ಸಂಭಾಷಣೆಗೆ ಸೇರಿಸಿದರು. ಇನ್ನೊಂದು ವಿಷಯ, ಮೆಕ್ಯಾನಿಕಲ್‌ನವರಿಗೆ: ನಾಟಕಕ್ಕೆ ಸುಳ್ಳು ಬಂದೂಕು ಮಾಡಿಕೊಟ್ಟವರು 1950ರ ದಶಕದಲ್ಲಿ ಮೌ ಮೌ ಹೋರಾಟಗಾರರಿಗೆ ನಿಜವಾದ ಬಂದೂಕು ಮಾಡಿಕೊಟ್ಟವರೇ. ನೈರೋಬಿ ವಿಶ್ವವಿದ್ಯಾಲಯದ ಪ್ರೊಫೆಸರ್ ಗೂಗಿ ಇವರ ಮುಂದೆ ಕೂತು ತನ್ನ ಭಾಷೆಯನ್ನೇ ಮತ್ತೆ ಕಲಿತರು.

ಅಕ್ಟೋಬರ್ 2ಕ್ಕೆ ಪ್ರದರ್ಶನ ಶುರುವಾಯ್ತು. ನವೆಂಬರ್ 16ಕ್ಕೆ ಸರ್ಕಾರ ಲೈಸೆನ್ಸ್ ಕಿತ್ತುಕೊಂಡಿತು. ಡಿಸೆಂಬರ್ 31ರ ಹೊತ್ತಿಗೆ ಗೂಗಿ ಬಂಧನದಲ್ಲಿದ್ದರು. ವಿಚಾರಣೆಯೇ ಇಲ್ಲದೆ ಸುಮಾರು ಒಂದು ವರ್ಷ ಕಮಿಟಿ ಜೈಲು.

ಗಮನಿಸಿ: ಅದೇ 1977ರಲ್ಲಿ ಅವರ ಇಂಗ್ಲಿಷ್ ಕಾದಂಬರಿ 'ಪೆಟಲ್ಸ್ ಆಫ್ ಬ್ಲಡ್' ಬಂದಿತ್ತು. ಅಲ್ಲೂ ಇದೇ ಸಿಟ್ಟು, ಇದೇ ಭೂಮಿ, ಇದೇ ಸಾಹುಕಾರರು. ಆಗ ಯಾರೂ ಬಾಗಿಲು ತಟ್ಟಲಿಲ್ಲ. ಇಂಗ್ಲಿಷಿನಲ್ಲಿ ಬೈದರೆ ಅದು ಸಾಹಿತ್ಯ. ಊರಿನ ಭಾಷೆಯಲ್ಲಿ, ಊರಿನವರ ಬಾಯಲ್ಲೇ ಬಂದರೆ ಅಪಾಯ. ಹಾಗಂತ ನನ್ನ ಓದು. ಜೈಲಿನಲ್ಲಿ ಟಾಯ್ಲೆಟ್ ಪೇಪರ್ ಮೇಲೆ ಬರೆದ ಮುಂದಿನ ಕಾದಂಬರಿಯನ್ನು ಗೂಗಿ ಗಿಕೂಯುವಿನಲ್ಲೇ ಬರೆದರು.

1982ರಲ್ಲಿ ಅದೇ ತಂಡ ಇನ್ನೊಂದು ನಾಟಕ ಹಿಡಿದು ನೈರೋಬಿಯ ಕೀನ್ಯಾ ನ್ಯಾಷನಲ್ ಥಿಯೇಟರ್‌ಗೆ ಹೋದಾಗ ಬಾಗಿಲಿಗೆ ಬೀಗ. ಮಾರ್ಚ್‌ನಲ್ಲಿ ಪೊಲೀಸರು ಕಮಿರೀಥುವಿಗೆ ಬಂದು ಬೆಂಕಿಕಡ್ಡಿಯಿಂದ ಹುಟ್ಟಿದ ಆ ರಂಗಮಂದಿರವನ್ನು ಕೆಡವಿ ನೆಲಸಮ ಮಾಡಿದರು.

ಬೀಗ ಹಾಕಿದ್ದ ಅದೇ ನ್ಯಾಷನಲ್ ಥಿಯೇಟರ್‌ನಲ್ಲಿ 2022ರಲ್ಲಿ 'ಎನ್‌ಗಾಹಿಕ ಎನ್‌ದೇಂದ' ಮತ್ತೆ ರಂಗಕ್ಕೆ ಬಂತು. ಇಂಗ್ಲಿಷಿನಲ್ಲೂ ಆಡಿದರು, ಗಿಕೂಯುವಿನಲ್ಲೂ.