ಧಾರವಾಡಕ್ಕೆ ಹೊಸದಾಗಿ ಬಂದ ತಂಗಿಗೆ



ಸಂಜೆ ಹೊತ್ತು ಕರ್ನಾಟಕ ವಿದ್ಯಾವರ್ಧಕ ಸಂಘದ ಮುಂದೆ ಹಾಯುವಾಗ ಸಭಾಭವನದಲ್ಲಿ ದೀಪ ಹತ್ತಿದ್ದು ಕಂಡರೆ ಒಳಗೆ ಹೋಗಿ ಕೂತುಬಿಡು. ಆಮಂತ್ರಣ ಪತ್ರಿಕೆ ಬೇಕಿಲ್ಲ, ಟಿಕೆಟ್ ಇಲ್ಲ, ಯಾಕೆ ಬಂದೆಯೆಂದು ಕೇಳುವವರೂ ಇಲ್ಲ. ಅಂದು ದತ್ತಿ ಉಪನ್ಯಾಸವಿರಬಹುದು, ಪುಸ್ತಕ ಬಿಡುಗಡೆ ಇರಬಹುದು, ಜನಪದ ಹಾಡಿನ ಮೇಳವೋ ಚಿಕ್ಕ ನಾಟಕವೋ ಇರಬಹುದು. ರಾ.ಹ. ದೇಶಪಾಂಡೆಯವರು 1890ರ ಜುಲೈ 20ರಂದು ಈ ಸಂಘ ಕಟ್ಟಿದಾಗ ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು, ಸಾರ್ವಜನಿಕ ಬದುಕಿನಲ್ಲಿ ಮರಾಠಿಯದೇ ಮೇಲುಗೈ. ಕನ್ನಡದಲ್ಲಿ ಪುಸ್ತಕ ಬರಬೇಕು, ಕನ್ನಡದವರು ಕೂಡಿ ಮಾತಾಡಲು ಒಂದು ಜಾಗ ಬೇಕು ಎಂಬ ಹಟದಿಂದ ಹುಟ್ಟಿದ ಮನೆ ಅದು.

ದತ್ತಿ ಎಂದರೇನೆಂದು ಹೊಸಬರಿಗೆ ಗೊತ್ತಿರುವುದಿಲ್ಲ. ತೀರಿಹೋದ ತಂದೆಯ ಹೆಸರಿನಲ್ಲೋ ಕಲಿಸಿದ ಮೇಷ್ಟರ ಹೆಸರಿನಲ್ಲೋ ಯಾರೋ ಒಂದಿಷ್ಟು ಇಡುಗಂಟು ಕೊಟ್ಟಿರುತ್ತಾರೆ. ಅದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಕಾರ್ಯಕ್ರಮ ನಡೆಯುತ್ತದೆ. ನಿವೃತ್ತ ಗುಮಾಸ್ತರು, ಶಾಲಾ ಮಾಸ್ತರರು, ಗೃಹಿಣಿಯರು ಕೊಟ್ಟ ಹಣದಲ್ಲಿ ಒಂದು ಊರಿನ ಸಂಜೆಗಳು ತುಂಬುವುದು ದೊಡ್ಡ ಸಂಗತಿ. ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ ಎಂದು ಮೊದಲ ಅರ್ಧ ಗಂಟೆ ಹೋಗುತ್ತದೆ, ನಿಜ. ತಾಳ್ಮೆಯಿಂದ ಕೂಡು. ಆ ಶಾಲು ಹೊದ್ದವರಲ್ಲಿ ಹಲವರು ತಮ್ಮ ಕೆಲಸಕ್ಕೆ ಕಂಡ ಮನ್ನಣೆ ಅದೊಂದೇ ಆಗಿರುತ್ತದೆ.

ಈ ಊರಿನ ಗಾಯಕರ, ಕವಿಗಳ, ನಾಟಕಕಾರರ ಹೆಸರು ನಾಡಿಗೆಲ್ಲ ಗೊತ್ತು. ಅವರ ಎದುರಿಗೆ ಕೂತು ಕೇಳಿದವರ ಹೆಸರು ಎಲ್ಲಿಯೂ ದಾಖಲಾಗಿಲ್ಲ. ಆ ಕೇಳುಗರಿಂದಲೇ ಇಲ್ಲಿಯ ಕಲೆ ನೂರು ವರ್ಷ ಬಾಳಿತು. ಈಗ ಮುಂದಿನ ಸಾಲುಗಳಲ್ಲಿ ನರೆತ ತಲೆಗಳೇ ಹೆಚ್ಚು. ನಿನ್ನ ವಯಸ್ಸಿನವರು ಬಂದು ಕೂರಬೇಕೆಂಬುದು ಈ ಪತ್ರದ ಆಸೆ. "ನನಗೆ ಅರ್ಥವಾಗುವುದಿಲ್ಲ, ಕಲಿತ ಮೇಲೆ ಹೋಗುತ್ತೇನೆ" ಎನ್ನುವವರು ಹೋಗುವುದೇ ಇಲ್ಲ. ಮೊದಲು ಹೋಗಬೇಕು, ಅರ್ಥ ತಾನಾಗಿ ಹಿಂದೆ ಬರುತ್ತದೆ.

ನಾಟಕದಿಂದ ಶುರುಮಾಡುವುದು ಸುಲಭ. ಕರ್ನಾಟಕ ಕಾಲೇಜಿನ ಆವರಣದಲ್ಲಿ ಅಣ್ಣಾಜಿರಾವ ಸಿರೂರ ರಂಗಮಂದಿರವಿದೆ. ಎಲ್ಲರೂ ಅದನ್ನು 'ಸೃಜನಾ' ಎಂದೇ ಕರೆಯುತ್ತಾರೆ. ರಂಗಾಯಣದ ಧಾರವಾಡ ಘಟಕವೂ ಇದೆ, ಅದಕ್ಕೆ ಬಸವರಾಜ ರಾಜಗುರು ಅವರ ಹೆಸರಿನ ಬಯಲು ರಂಗಮಂದಿರವಿದೆ. ಮಳೆಗಾಲ ಕಳೆದ ಮೇಲೆ ಅಲ್ಲಿ ಕೂರುವ ಸುಖವೇ ಬೇರೆ. 1917ರಲ್ಲಿ ಶುರುವಾದ ಕರ್ನಾಟಕ ಕಾಲೇಜಿನ ಕೋಣೆಗಳಲ್ಲಿಯೇ ಶ್ರೀರಂಗರು, ಅಂದರೆ ಆದ್ಯ ರಂಗಾಚಾರ್ಯರು, ಸಂಸ್ಕೃತ ಕಲಿಸಿದರು, ಹೊರಗೆ ಬಂದು ಕನ್ನಡ ನಾಟಕದ ದಾರಿಯನ್ನೇ ಬದಲಿಸಿದರು. ಗಿರೀಶ ಕಾರ್ನಾಡರು ಓದಿದ್ದೂ ಅದೇ ಕಾಲೇಜಿನಲ್ಲಿ.

ಸುಭಾಸ ರಸ್ತೆಯಲ್ಲಿ ಒಂದು ಅಟ್ಟವಿದೆ. ಅಂಗಡಿಸಾಲಿನ ನಡುವೆ ಮೆಟ್ಟಿಲು ಹತ್ತಿ ಹೋಗಬೇಕು, ಗೊತ್ತಿಲ್ಲದವರು ಮುಂದೆ ನಡೆದುಬಿಡುತ್ತಾರೆ. ಅದು ಮನೋಹರ ಗ್ರಂಥಮಾಲೆ. ಜಡಭರತರೆಂದು ನಾಟಕ ಬರೆದ ಜಿ.ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ ಪ್ರಕಾಶನ. ಕಾರ್ನಾಡರ 'ಯಯಾತಿ' 1961ರಲ್ಲಿ ಇಲ್ಲಿಂದಲೇ ಅಚ್ಚಾಗಿ ಬಂತು, ಮುಂದೆ 'ತುಘಲಕ್', 'ಹಯವದನ' ಕೂಡ. ಕೀರ್ತಿನಾಥ ಕುರ್ತಕೋಟಿಯವರು ಹಸ್ತಪ್ರತಿ ಓದಿ ಚರ್ಚಿಸುತ್ತಿದ್ದ ಜಾಗ ಅದೇ. ಜೋಶಿಯವರ ಸ್ವಂತ ನಾಟಕ 'ಸತ್ತವರ ನೆರಳು' ಬಿ.ವಿ. ಕಾರಂತರ ಕೈಯಲ್ಲಿ ದಾಸರ ಪದಗಳ ಸಂಗೀತದೊಂದಿಗೆ ರಂಗಕ್ಕೇರಿ ನಾಡಿನುದ್ದಕ್ಕೂ ಓಡಾಡಿತು. ನಾಟಕ ನೋಡುವ ಮುನ್ನ ಸಾಧ್ಯವಾದರೆ ಅದರ ಪಠ್ಯವನ್ನು ಅಟ್ಟದಲ್ಲಿ ಕೊಂಡು ಓದು. ಓದಿ ಹೋದವಳಿಗೆ ನಿರ್ದೇಶಕ ಎಲ್ಲಿ ಮಾತು ಕತ್ತರಿಸಿದ, ಎಲ್ಲಿ ಮೌನ ಇಟ್ಟ ಎಂದು ಕಾಣುತ್ತದೆ, ನೋಟದ ಸಂತೋಷ ಇಮ್ಮಡಿಯಾಗುತ್ತದೆ.

ಹವ್ಯಾಸಿ ನಾಟಕ ಮಾತ್ರ ನೋಡಿ ನಿಲ್ಲಬೇಡ. ಉತ್ತರ ಕರ್ನಾಟಕದ ಜೀವ ಕಂಪನಿ ನಾಟಕದಲ್ಲಿದೆ. ಏಣಗಿ ಬಾಳಪ್ಪನವರು ಕಲಾವೈಭವ ನಾಟ್ಯಸಂಘ ಕಟ್ಟಿ ದಶಕಗಟ್ಟಲೆ ಊರೂರು ತಿರುಗಿದರು. ಅವರ ಬಸವಣ್ಣನ ಪಾತ್ರ ನೋಡಿ ಜನ ರಂಗದ ಮೇಲಿದ್ದವರಿಗೇ ಕೈಮುಗಿದರು. 2017ರ ಆಗಸ್ಟಿನಲ್ಲಿ ನೂರು ದಾಟಿದ ವಯಸ್ಸಿನಲ್ಲಿ ಅವರು ಕಣ್ಣುಮುಚ್ಚಿದರು. ಗದುಗಿನಲ್ಲಿ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತ ಕಲಿಸಿ ಅವರದೇ ನಾಟಕ ಸಂಘ ಕಟ್ಟಿದರು, ಪುಟ್ಟರಾಜ ಗವಾಯಿಗಳು ಅದನ್ನು ಮುಂದುವರಿಸಿದರು. ಆಶ್ರಮದ ಅನ್ನ ಆ ನಾಟಕಗಳ ಗಳಿಕೆಯಿಂದಲೂ ಬೇಯುತ್ತಿತ್ತು.

ಈಗಲೂ ಕಂಪನಿಗಳು ಜಾತ್ರೆಯಿಂದ ಜಾತ್ರೆಗೆ ಡೇರೆ ಹೊತ್ತು ನಡೆಯುತ್ತವೆ. ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೋದರೆ ಒಂದೇ ಬಯಲಿನಲ್ಲಿ ಹಲವು ಕಂಪನಿಗಳ ತಗಡಿನ ಥಿಯೇಟರುಗಳು ಸಾಲಾಗಿ ನಿಂತಿರುತ್ತವೆ. ಧ್ವನಿವರ್ಧಕಗಳು ಒಂದಕ್ಕೊಂದು ಪೈಪೋಟಿಗೆ ಬಿದ್ದು ಕೂಗುತ್ತಿರುತ್ತವೆ. ಹಾಸ್ಯದ ಕೆಲವು ಮಾತು ನಿನಗೆ ಹಿಡಿಸದೇ ಹೋಗಬಹುದು, ಹಿಡಿಸದಿದ್ದರೆ ಹಿಡಿಸಲಿಲ್ಲವೆಂದು ಹೇಳು. ಆದರೆ ಹಾರ್ಮೋನಿಯಂ ಮಾಸ್ತರನ ಕೈ, ಪರದೆ ಎಳೆಯುವವನ ಚುರುಕು, ಮೈಕಿನ ಕೆಳಗೆ ನಿಂತು ಸಾವಿರ ಜನರನ್ನು ಹಿಡಿದಿಡುವ ನಟಿಯ ಗಂಟಲು, ಇವನ್ನು ಗಮನಿಸು. ಗುರುತಿನವರಿದ್ದಾರೆಂದು ಪಾಸ್ ಮಾತ್ರ ಕೇಳಬೇಡ. ಅಂದಿನ ಗಲ್ಲಾಪೆಟ್ಟಿಗೆಯೇ ಅವರ ಅಂದಿನ ಪಗಾರ.

ಇನ್ನು ಊಟದ ಮಾತು. ನಾಟಕಕ್ಕೆ ಮೊದಲು ಗಿರ್ಮಿಟ್ ತಿನ್ನುವುದು ಇಲ್ಲಿಯ ಪದ್ಧತಿ. ಉಳ್ಳಾಗಡ್ಡಿ, ಹಸಿಮೆಣಸು, ಹುಣಸೆ, ಬೆಲ್ಲ, ಅರಿಸಿಣ ಹಾಕಿ ಬಾಡಿಸಿದ ಗೊಜ್ಜಿಗೆ ಚುರುಮುರಿ ಸುರಿದು, ಪುಟಾಣಿ ಹಿಟ್ಟು ಉದುರಿಸಿ, ಕಲಸಿದ ಕೂಡಲೇ ತಿನ್ನಬೇಕು. ಐದು ನಿಮಿಷ ಬಿಟ್ಟರೆ ಚುರುಮುರಿ ಮೆತ್ತಗಾಗುತ್ತದೆ. ಪಕ್ಕದಲ್ಲಿ ಬಿಸಿ ಮಿರ್ಚಿ, ಕೊನೆಗೆ ಅರ್ಧ ಕಪ್ ಚಹಾ. ಹುಬ್ಬಳ್ಳಿಗೆ ಹೋದ ದಿನ ದುರ್ಗದಬೈಲಿನಲ್ಲಿ ರಾತ್ರಿ ನಿಂತು ತಿನ್ನು. ಮಾಂಸಾಹಾರಿಯಾಗಿದ್ದರೆ ಸಾವಜಿ ಖಾನಾವಳಿಯನ್ನೂ ಬಿಡಬೇಡ. ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದವರ ಮನೆಯ ಅಡುಗೆ ಅದು, ಕೆಂಪು ಖಾರದ ರಸ್ಸೆ ಮೊದಲ ತುತ್ತಿಗೇ ಕಣ್ಣೀರು ತರಿಸುತ್ತದೆ.

ಭಾನುವಾರ ಮಧ್ಯಾಹ್ನ ಒಂದು ಹಳೆಯ ಖಾನಾವಳಿ ಹುಡುಕಿಕೊ. ಹಿಂದಿನ ಕೋಣೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಜಾಗ ಸರಿಯಾಗಿದೆ ಎಂದರ್ಥ. ಬಿಸಿ ಜೋಳದ ರೊಟ್ಟಿ, ಎಣಗಾಯಿ, ಜುಣಕ, ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ರಂಜಕ, ಗಟ್ಟಿ ಮೊಸರು. ಇವುಗಳ ರುಚಿ ಕೂಡಿಸಿಕೊಳ್ಳುವುದರಲ್ಲಿದೆ. ರಂಜಕದ ಮೇಲೆ ಎಣ್ಣೆ ಹಾಕಿಸಿಕೊ, ಹಿಂಡಿಗೆ ಮೊಸರು ಬೆರೆಸು, ಹಸಿ ಉಳ್ಳಾಗಡ್ಡಿ ಕಡಿ. ಪೇಢೆಯ ಕಥೆ ಎಲ್ಲರೂ ಹೇಳುತ್ತಾರೆ: ಉತ್ತರ ಪ್ರದೇಶದ ಉನ್ನಾವದಿಂದ ಬಂದ ಠಾಕೂರ ಮನೆತನ ಲೈನ್ ಬಜಾರಿನಲ್ಲಿ ನೆಲೆ ನಿಂತು ಈ ಸಿಹಿಯನ್ನು ಊರಿನ ಹೆಸರಿಗೆ ಅಂಟಿಸಿತು. ಖವೆಯನ್ನು ಕಂದುಬಣ್ಣ ಬರುವ ತನಕ ಹುರಿಯುವುದರಲ್ಲಿ ಅದರ ಗುಟ್ಟಿದೆ. ಊರಿಗೆ ಒಯ್ಯುವ ಡಬ್ಬಿ ಆಮೇಲೆ ಕಟ್ಟಿಸು, ಮೊದಲು ಅಂಗಡಿ ಮುಂದೆ ನಿಂತೇ ಒಂದು ತಿಂದು ನೋಡು.

ಈ ಪತ್ರದ ದೊಡ್ಡ ಮಾತು ಸಂಗೀತದ್ದು.

ಮೈಸೂರು ದರ್ಬಾರಿಗೆ ಹೊರಟ ಉತ್ತರದ ಗವಾಯಿಗಳು ದಾರಿಯಲ್ಲಿ ಹುಬ್ಬಳ್ಳಿ-ಧಾರವಾಡದಲ್ಲಿ ತಂಗುತ್ತಿದ್ದರು, ಅವರಿಂದ ಹಿಂದೂಸ್ತಾನಿ ಇಲ್ಲಿ ಬೇರುಬಿಟ್ಟಿತು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ಶಿಷ್ಯರಾದವರು ಕುಂದಗೋಳದ ರಾಮಭಾವು. ಮರಾಠಿ ಸಂಗೀತ ನಾಟಕಗಳಲ್ಲಿ ಸ್ತ್ರೀಪಾತ್ರ ಮಾಡಿ ಸವಾಯಿ ಗಂಧರ್ವರೆಂದು ಹೆಸರಾದರು. ಅವರ ಹತ್ತಿರ ಕಲಿಯಲು ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬರುತ್ತಿದ್ದರು. ಗದುಗಿನ ಕಡೆಯ ಹುಡುಗ ಭೀಮಸೇನ ಜೋಶಿ ಗುರುವಿನ ಮನೆಯಲ್ಲಿಯೇ ಉಳಿದು ಕಲಿತರು. ಇತ್ತ ಧಾರವಾಡದ ಪಕ್ಕದ ಮನಸೂರಿನಲ್ಲಿ 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದವರು. ಮಿರಜಿನ ನೀಲಕಂಠ ಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿ ಕಲಿತು, ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಬುರ್ಜಿ ಖಾನರಿಂದ ಜೈಪುರ-ಅತ್ರೌಲಿ ಗಾಯಕಿಯನ್ನು ಪಡೆದರು. ನಾಟಕ ಒಂದು ಕಡೆ, ಸಂಗೀತ ಇನ್ನೊಂದು ಕಡೆ ಎಂಬ ಗೋಡೆ ಈ ಸೀಮೆಯಲ್ಲಿ ಎಂದೂ ಇರಲಿಲ್ಲ.

ಕೇಳಲು ಒಂದು ಉಪಾಯವಿದೆ. ಗಂಗೂಬಾಯಿಯವರ ಒಂದು ಧ್ವನಿಮುದ್ರಣ, ಮನಸೂರರ ಒಂದು ಧ್ವನಿಮುದ್ರಣ ಒಂದರ ಹಿಂದೊಂದು ಹಚ್ಚು. ಕಿರಾಣಾದವರು ಒಂದೊಂದು ಸ್ವರದ ಮೇಲೂ ನಿಲ್ಲುತ್ತಾರೆ. ಷಡ್ಜದಿಂದ ಹೊರಟು ಮುಂದಿನ ಸ್ವರಕ್ಕೆ ಹೋಗಲು ಅವಸರವೇ ಇಲ್ಲ, ಕೆರೆಗೆ ನೀರು ತುಂಬುವ ಹಾಗೆ ರಾಗ ಮೆಲ್ಲಗೆ ಏರುತ್ತದೆ. ಮನಸೂರರದು ಮೊದಲ ಆವರ್ತನದಿಂದಲೇ ತಾಳದೊಡನೆ ಹೆಣೆದ ನಡಿಗೆ. ಸ್ವರಗಳು ಸುತ್ತಿ ಸುತ್ತಿ ಬಂದು ಸಮ್ ಮೇಲೆ ಕೂರುತ್ತವೆ. ಏಕ ನಿಷಾದ ಬಿಹಾಗಡಾ, ಖಟ್‌ನಂಥ ಅಪರೂಪದ ರಾಗಗಳೇ ಅವರಿಗೆ ಅಚ್ಚುಮೆಚ್ಚು. ರಾಗದ ಹೆಸರು ಗೊತ್ತಾಗದಿದ್ದರೂ ಈ ಎರಡು ನಡಿಗೆಗಳ ಬೇರೆತನ ಕಿವಿಗೆ ಹತ್ತಿಬಿಟ್ಟರೆ ಮುಂದಿನ ಕಛೇರಿಯಲ್ಲಿ ನೀನು ಹೊಸಬಳಲ್ಲ. ಮನಸೂರರು ವಚನಗಳನ್ನೂ ಹಾಡಿದರು. ಭಾಷೆ ಗೊತ್ತಿರುವ ಸಾಹಿತ್ಯದಿಂದ ಒಳಗೆ ಬರುವವರಿಗೆ ಅದು ಒಳ್ಳೆಯ ಬಾಗಿಲು.

ಕಛೇರಿಯಲ್ಲಿ ಕೂರುವ ರೀತಿಯೂ ಒಂದಿಷ್ಟಿದೆ. ಬಡಾ ಖ್ಯಾಲ್ ನಡೆಯುವಾಗ ಎದ್ದು ಹೋಗಬೇಡ, ಹೋಗಲೇಬೇಕಾದರೆ ಒಂದು ರಾಗ ಮುಗಿದ ಮೇಲೆ ಏಳು. ಮೊಬೈಲ್ ಎತ್ತಿ ಹಿಡಿದರೆ ಹಿಂದಿನವರಿಗೆ ಗಾಯಕರ ಮುಖ ಕಾಣುವುದಿಲ್ಲ. ಹಿರಿಯ ಕೇಳುಗರ ಪಕ್ಕ ಜಾಗ ಹಿಡಿ. ಅವರು ಎಲ್ಲಿ 'ವಾಹ್' ಎನ್ನುತ್ತಾರೆ, ಎಲ್ಲಿ ತಲೆ ಅಲ್ಲಾಡಿಸುತ್ತಾರೆ ಎಂದು ನೋಡುತ್ತಿದ್ದರೆ ಪುಸ್ತಕದಲ್ಲಿಲ್ಲದ ಪಾಠ ಸಿಗುತ್ತದೆ. ವಿರಾಮದಲ್ಲಿ ಕೇಳಿದರೆ ಅವರು ಸಂತೋಷದಿಂದ ಹೇಳಿಕೊಡುತ್ತಾರೆ, ಕೇಳುವ ಹುಡುಗರೇ ಇಲ್ಲವೆಂಬ ಕೊರಗು ಅವರಿಗಿದೆ.

ವರ್ಷದ ಕೆಲವು ದಿನಗಳನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊ. ಜನವರಿ 31 ಬೇಂದ್ರೆಯವರು ಹುಟ್ಟಿದ ದಿನ. ಸಾಧನಕೇರಿಗೆ ಹೋಗು, ಕೆರೆಯ ದಂಡೆಯಲ್ಲಿ ನಡೆದಾಡಿ ಬೇಂದ್ರೆ ಭವನದ ಕಾರ್ಯಕ್ರಮಕ್ಕೆ ಕೂಡು. ಸೆಪ್ಟೆಂಬರ್ 12 ಎರಡು ಸಲ ಬಂದ ಅಗಲಿಕೆಯ ದಿನ: 1952ರಲ್ಲಿ ಸವಾಯಿ ಗಂಧರ್ವರು, 1992ರಲ್ಲಿ ಮನಸೂರರು ಅದೇ ತಾರೀಖಿಗೆ ಹೋದರು. ಧಾರವಾಡದಲ್ಲಿ ಮನಸೂರರ ಮನೆ 'ಮೃತ್ಯುಂಜಯ' ಈಗ ಸ್ಮಾರಕವಾಗಿದೆ, ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಗಂಗೂಬಾಯಿಯವರ ಮನೆಯಿದೆ. ಎರಡನ್ನೂ ಒಂದೇ ದಿನ ನೋಡಿಬರಲು ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸು ಸಾಕು. ಉಳಿದ ದಿನಗಳಿಗೆ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುವ ಕಾರ್ಯಕ್ರಮಗಳ ಪಟ್ಟಿಯನ್ನು ಚಹಾ ಕುಡಿಯುವಾಗ ಓದುವ ರೂಢಿ ಮಾಡಿಕೊ. ಫೋನಿಗೆ ಬಾರದ ಎಷ್ಟೋ ಒಳ್ಳೆಯ ಕಾರ್ಯಕ್ರಮಗಳ ಸುದ್ದಿ ಅಲ್ಲಿರುತ್ತದೆ.

ಕುಂದಗೋಳದಲ್ಲಿ ನಡೆಯುವ ಸವಾಯಿ ಗಂಧರ್ವರ ಪುಣ್ಯತಿಥಿ ಸಂಗೀತೋತ್ಸವಕ್ಕೆ ಮಾತ್ರ ತಯಾರಿ ಬೇಕು. ನಾಡಿಗೇರ ವಾಡೆಯಲ್ಲಿ ರಾತ್ರಿಯಿಡೀ ಹಾಡು ನಡೆಯುತ್ತದೆ. ದೊಡ್ಡ ಸಭಾಂಗಣದ ದೂರವಿಲ್ಲ, ಗಾಯಕರ ಉಸಿರು ಎಳೆದುಕೊಳ್ಳುವುದೂ ಕೇಳುವಷ್ಟು ಹತ್ತಿರ ಕೂರುತ್ತೀ. ರಾಗಗಳು ಹೊತ್ತಿಗೆ ತಕ್ಕಂತೆ ಬದಲಾಗುವುದನ್ನು, ಸಂಜೆಯ ಯಮನ್ ಹಿಂದೆ ಸರಿದು ನಡುರಾತ್ರಿಯ ಮಾಲಕಂಸ ಬರುವುದನ್ನು ಒಂದೇ ಕೂಟದಲ್ಲಿ ಕೇಳುವ ಅವಕಾಶ ಬೇರೆ ಕಡೆ ಅಪರೂಪ. ಒಬ್ಬಳೇ ಹೋಗಬೇಡ, ಜತೆಗೆ ಆಫೀಸಿನ ಇಬ್ಬರು ಗೆಳತಿಯರನ್ನು ಕರೆದುಕೊ. ಹೊದೆಯಲು ಒಂದು ಶಾಲು, ನೀರಿನ ಬಾಟಲಿ ಇರಲಿ. ಹೊಟ್ಟೆ ಬಿರಿಯೆ ಉಂಡು ಹೋದರೆ ನಿದ್ದೆ ಬರುತ್ತದೆ, ಸಂಜೆ ಎರಡು ರೊಟ್ಟಿಗೆ ನಿಲ್ಲಿಸು. ಮುಂಜಾನೆ ಹುಬ್ಬಳ್ಳಿಗೆ ಬಂದು ಧಾರವಾಡದ ಬಸ್ಸು ಹಿಡಿಯುವ ಹೊತ್ತಿಗೆ ಆಫೀಸಿನ ಸಮಯವಾಗಿರುತ್ತದೆ, ಆದ್ದರಿಂದ ಆ ದಿನದ ರಜೆಯ ಅರ್ಜಿಯನ್ನು ವಾರದ ಮೊದಲೇ ಕೊಟ್ಟುಬಿಡು.

ಇತಿ ಆಶೀರ್ವಾದಗಳೊಂದಿಗೆ,
ಧಾರವಾಡದ ಹಳೆಯ ಕೇಳುಗ